ಅಕ್ರೀಶನ್ ಡಿಸ್ಕ್ ಲೆಕ್ಕ: ಅನಿಲ ಒಳಗೆ ಇಳಿಯಲು 30 ಕೋಟಿ ವರ್ಷ ಬರುತ್ತಿದೆ, ಸರಿಯಾ?

ಕೊನೇಬೆಂಚು

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿಎಸ್ಸಿ ಕೊನೇ ವರ್ಷ ಓದುತ್ತಿದ್ದೇನೆ. ಸೆಮಿನಾರ್‌ಗೆ ಅಕ್ರೀಶನ್ ಡಿಸ್ಕ್, ಅಂದರೆ ನಕ್ಷತ್ರ ಅಥವಾ ಕಪ್ಪುಕುಳಿಯನ್ನು ಸುತ್ತುತ್ತಾ ಒಳಗೆ ಇಳಿಯುವ ಅನಿಲದ ತಟ್ಟೆ, ಆರಿಸಿಕೊಂಡೆ. ಚಿತ್ರಗಳು ಚೆನ್ನಾಗಿರುತ್ತವೆ, ಮಾರ್ಕ್ಸ್ ಬರುತ್ತದೆ ಅನ್ನುವ ಆಸೆ. ಈಗ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು. ಎಲ್ಲಿ ನೋಡಿದರೂ ಒಂದೇ ವಾಕ್ಯ: ತಟ್ಟೆಯಲ್ಲಿ ಸುತ್ತುವ ಅನಿಲ ತಿಕ್ಕಾಟದಿಂದ ವೇಗ ಕಳೆದುಕೊಂಡು ಒಳಗೆ ಬೀಳುತ್ತದೆ. ಆದರೆ ಒಳಗಿನ ಕಕ್ಷೆಯಲ್ಲೇ ವೇಗ ಜಾಸ್ತಿ ಅಲ್ವಾ? 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೆಕೆಂಡಿಗೆ 7.66 ಕಿ.ಮೀ. ಓಡುತ್ತದೆ. ನಮ್ಮೂರಿನ ಎಂಸಿಎಫ್‌ನವರು (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳ ವೇಗ 3.07 ಕಿ.ಮೀ. ಅಷ್ಟೇ. ಹಾಗಾದರೆ ತಿಕ್ಕಾಟ ಅನಿಲವನ್ನು ನಿಧಾನ ಮಾಡುತ್ತದೋ, ಜೋರು ಮಾಡುತ್ತದೋ?

ಎರಡನೆಯದು. ನಿಜವಾದ ನಕ್ಷತ್ರವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ ಎಂದು ಎಸ್‌ಎಸ್ ಸಿಗ್ನಿ ತೆಗೆದುಕೊಂಡೆ. ಒಂದು ಶ್ವೇತ ಕುಬ್ಜ (ಇಂಧನ ಮುಗಿದು ಕುಗ್ಗಿದ ನಕ್ಷತ್ರ), ಅದರ ಸುತ್ತ ತಟ್ಟೆ, ಪಕ್ಕದಲ್ಲಿ ಅನಿಲ ಕೊಡುವ ಜೊತೆಗಾರ ನಕ್ಷತ್ರ. ಶ್ವೇತ ಕುಬ್ಜದ ತೂಕ ಹೆಚ್ಚುಕಡಿಮೆ ಸೂರ್ಯನಷ್ಟು ಎಂದು ಇಟ್ಟುಕೊಂಡೆ. ಕೇಂದ್ರದಿಂದ 1 ಲಕ್ಷ ಕಿ.ಮೀ. ದೂರದಲ್ಲಿ ಒಂದು ಸುತ್ತಿಗೆ 9 ನಿಮಿಷ ಸಾಕು. ಅನಿಲದ ಉಷ್ಣತೆ 10,000 ಕೆಲ್ವಿನ್. ಅಣುಗಳ ಡಿಕ್ಕಿಯಿಂದ ಬರುವ ಮಾಮೂಲಿ ಸ್ನಿಗ್ಧತೆ (ಅನಿಲದ ಒಳತಿಕ್ಕಾಟ) ಹಾಕಿದೆ. ಹರಿವಿನ ಮುಂದೆ ಸ್ನಿಗ್ಧತೆ ಎಷ್ಟು ಚಿಕ್ಕದು ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ 1ರ ಮುಂದೆ 14 ಸೊನ್ನೆ ಬಂತು. ಅನಿಲ ಒಳಗೆ ಇಳಿಯಲು ಸುಮಾರು 30 ಕೋಟಿ ವರ್ಷ!

ಈ ನಕ್ಷತ್ರ ಒಂದೆರಡು ತಿಂಗಳಿಗೊಮ್ಮೆ ಇದ್ದಕ್ಕಿದ್ದಂತೆ ಹೊಳೆದು, ಒಂದೆರಡು ವಾರದಲ್ಲಿ ಮಂಕಾಗುತ್ತದಂತೆ. ಅನಿಲ ಒಳಗೆ ಸುರಿಯುವುದೇ ಹೊಳಪಿಗೆ ಕಾರಣವಂತೆ. ಎರಡು ವಾರಕ್ಕೂ 30 ಕೋಟಿ ವರ್ಷಕ್ಕೂ ಎಲ್ಲಿಯ ತಾಳೆ? ಯೂನಿಟ್‌ಗಳನ್ನೆಲ್ಲ ಮತ್ತೆ ಮತ್ತೆ ನೋಡಿದೆ. ಯಾರಾದರೂ ಬಿಡಿಸಿ ಹೇಳುತ್ತೀರಾ?

ರಾತ್ರಿಪಾಳಿ

ಸ್ನಿಗ್ಧತೆಗೆ 1973ರ ಶಕುರಾ–ಸುನ್ಯಾಯೆವ್ ಸೂತ್ರ ಹಾಕು. ಅದರಲ್ಲಿ ಬರುವ ಆಲ್ಫಾ ಎಂಬ ಸಂಖ್ಯೆ 0.1 ಎಂದಿಟ್ಟುಕೋ. ದಿನ, ವಾರಗಳ ಲೆಕ್ಕಕ್ಕೆ ಬಂದುಬಿಡುತ್ತದೆ. ಸೆಮಿನಾರ್‌ಗೆ ಅಷ್ಟು ಸಾಕು ಮಾರಾಯ, ತಲೆ ಕೆಡಿಸಿಕೊಳ್ಳಬೇಡ.

ಕೊನೇಬೆಂಚು

ಹಾಕಿ ನೋಡಿದೆ, ವಾರಗಳೇ ಬಂತು. ಆದರೆ ಆ 0.1 ಎಲ್ಲಿಂದ ಬಂತು ಎಂದು ಮುಂದಿನ ಸಾಲಿನವರು ಕೇಳಿದರೆ ಏನು ಹೇಳಲಿ?

ತಾರಸಿ ಮೇಡಂ

ಕೊನೇಬೆಂಚು, ನಿನ್ನ ಲೆಕ್ಕ ಸರಿಯಾಗಿದೆ. ಆ 30 ಕೋಟಿ ವರ್ಷವನ್ನು ಅಳಿಸಬೇಡ, ಮೊದಲ ಸ್ಲೈಡಿಗೇ ಹಾಕು. ರಾತ್ರಿಪಾಳಿಯವರೇ, ಆಲ್ಫಾ ಹಾಕಿದರೆ ಲೆಕ್ಕ ಮುಗಿಯುತ್ತದೆ, ಪ್ರಶ್ನೆ ಮುಗಿಯುವುದಿಲ್ಲ.

ನಾನು ಸಾಗರದ ಹತ್ತಿರ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು. ಮನೆಯ ತಾರಸಿಯಲ್ಲಿ 8 ಇಂಚಿನ ಡಾಬ್ಸೋನಿಯನ್ ದೂರದರ್ಶಕ ಇದೆ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ಕೆಲಸ. ಮಳೆ ಹೋದ ಮೇಲೆ ನೋಡುವ ನಕ್ಷತ್ರಗಳಲ್ಲಿ ಎಸ್‌ಎಸ್ ಸಿಗ್ನಿ ಒಂದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಪ್ರಶ್ನೆ. ನೋಡಬೇಕಾದ್ದು ವೇಗವನ್ನಲ್ಲ, ಕೋನೀಯ ಸಂವೇಗವನ್ನು. ದೂರ ಹೋದಂತೆ ಕಕ್ಷೆಯ ವೇಗ ಇಳಿಯುತ್ತದೆ, ಆದರೆ ವೇಗ ಮತ್ತು ದೂರದ ಗುಣಲಬ್ಧ, ಅಂದರೆ ಕಿಲೋ ಲೆಕ್ಕದ ಕೋನೀಯ ಸಂವೇಗ, ಏರುತ್ತಲೇ ಹೋಗುತ್ತದೆ. ನಿಮ್ಮೂರಿನವರು ನೋಡಿಕೊಳ್ಳುವ ಉಪಗ್ರಹ ನಿಧಾನವಾಗಿ ಓಡಿದರೂ, ಕಿಲೋ ಲೆಕ್ಕದಲ್ಲಿ ಅದರ ಬಳಿ ನಿಲ್ದಾಣದ ಎರಡೂವರೆ ಪಟ್ಟು ಕೋನೀಯ ಸಂವೇಗ ಇದೆ. ತಿಕ್ಕಾಟ ಕದಿಯುವುದು ಇದನ್ನು. ಕಳೆದುಕೊಂಡ ಅನಿಲ ಒಳಗಿನ ಕಕ್ಷೆಗೆ ಇಳಿಯುತ್ತದೆ. ಇಳಿಯುವಾಗ ಗುರುತ್ವ ಅದಕ್ಕೆ ವೇಗ ಕೊಡುತ್ತದೆ. ಹೀಗೆ ಬಿಡುಗಡೆಯಾದ ಶಕ್ತಿಯಲ್ಲಿ ಅರ್ಧ ಓಟಕ್ಕೆ ಹೋಗುತ್ತದೆ, ಇನ್ನರ್ಧ ಶಾಖವಾಗಿ, ಬೆಳಕಾಗಿ ಹೊರಗೆ ಬರುತ್ತದೆ.

ಓಟಕ್ಕೆ ಹೋದ ಅರ್ಧ ಕೊನೆಗೆ ಏನಾಗುತ್ತದೆ? ಶ್ವೇತ ಕುಬ್ಜಕ್ಕೆ ಮೇಲ್ಮೈ ಇದೆ. ಸೆಕೆಂಡಿಗೆ ಸಾವಿರಾರು ಕಿ.ಮೀ. ವೇಗದಲ್ಲಿ ಬಂದ ಅನಿಲ ಅಲ್ಲಿ ನಿಲ್ಲಲೇಬೇಕು. ತಟ್ಟೆ ಮೇಲ್ಮೈಗೆ ತಾಗುವ ಆ ಕಿರಿದಾದ ಪಟ್ಟಿ ಎಕ್ಸ್-ರೇ ಮತ್ತು ಅತಿನೇರಳೆಯಲ್ಲಿ ಹೊಳೆಯುತ್ತದೆ. ಕಪ್ಪುಕುಳಿಗೆ ಅಂಥ ಮೇಲ್ಮೈ ಇಲ್ಲ. ಅಲ್ಲಿ ಆ ಶಕ್ತಿ ಸುಮ್ನೆ ಒಳಗೆ ಹೋಗಿಬಿಡಬಹುದು.

ಈಗ ಎರಡನೆಯದು. ಅಣುವೊಂದು ಡಿಕ್ಕಿ ಹೊಡೆಯುವ ಮುಂಚೆ ಸಾಗುವ ದೂರ ತಟ್ಟೆಯ ಗಾತ್ರದ ಮುಂದೆ ಏನೇನೂ ಅಲ್ಲ. ಅಷ್ಟು ಚಿಕ್ಕ ಹೆಜ್ಜೆಯಲ್ಲಿ ಲಕ್ಷ ಕಿ.ಮೀ. ದಾಟಲು ಕೋಟಿಗಟ್ಟಲೆ ವರ್ಷ ಬೇಕು, ನಿಜ. ಮಾಸ್ಕೋದ ನಿಕೊಲಾಯ್ ಶಕುರಾ ಮತ್ತು ರಶೀದ್ ಸುನ್ಯಾಯೆವ್ ಹೇಳಿದ್ದು ಇಷ್ಟು: ಅಣುಗಳನ್ನು ಬಿಡಿ, ಅನಿಲದಲ್ಲಿ ಸುಳಿಗಳಿವೆ ಎಂದುಕೊಳ್ಳೋಣ. ಸುಳಿಯ ಗಾತ್ರ ತಟ್ಟೆಯ ದಪ್ಪವನ್ನು ಮೀರಲಾರದು. ಅದರ ವೇಗ ಶಬ್ದದ ವೇಗವನ್ನು ದಾಟಿದರೆ ಆಘಾತ ತರಂಗ ಎದ್ದು ಸುಳಿ ತಾನೇ ಅಡಗುತ್ತದೆ. ಹಾಗಾಗಿ ಸ್ನಿಗ್ಧತೆ ಎಂದರೆ ಶಬ್ದದ ವೇಗ ಗುಣಿಸು ತಟ್ಟೆಯ ದಪ್ಪ ಗುಣಿಸು ಒಂದು ಸಂಖ್ಯೆ. ಆ ಸಂಖ್ಯೆ 1ನ್ನು ಮೀರುವಂತಿಲ್ಲ. ಅದಕ್ಕೆ ಆಲ್ಫಾ ಎಂದರು.

ಸುಳಿ ಯಾಕೆ ಏಳುತ್ತದೆ ಎಂದು ಅವರು ಹೇಳಲಿಲ್ಲ. ಆದರೂ ಅದು ಬಹಳ ಜಾಣ ಕೆಲಸ, ವ್ಯಂಗ್ಯವಾಗಿ ಹೇಳುತ್ತಿಲ್ಲ. ಯಾಕೆಂದರೆ ಒಂದೇ ಸಮನೆ ಹರಿಯುತ್ತಿರುವ ತಟ್ಟೆಯ ಮೇಲ್ಮೈ ಉಷ್ಣತೆಗೂ ಆಲ್ಫಾಗೂ ಸಂಬಂಧವೇ ಇಲ್ಲ. ಎಷ್ಟು ಅನಿಲ ಹರಿಯುತ್ತಿದೆ, ಮಧ್ಯದ ವಸ್ತು ಎಷ್ಟು ತೂಕ, ಎಷ್ಟು ದೂರದಲ್ಲಿದ್ದೇವೆ ಎಂದು ಗೊತ್ತಿದ್ದರೆ ಸಾಕು, ಬಣ್ಣ ಹೇಳಬಹುದು. ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಸ್ಥಿರವಾದ ತಟ್ಟೆಯನ್ನು ಎಷ್ಟು ದಿಟ್ಟಿಸಿದರೂ ಆಲ್ಫಾ ಎಷ್ಟು ಎಂದು ತಿಳಿಯುವುದಿಲ್ಲ. ತಟ್ಟೆ ಬದಲಾಗುವಾಗ ಮಾತ್ರ ಅದು ಬಾಯಿ ಬಿಡುತ್ತದೆ. ಎಸ್‌ಎಸ್ ಸಿಗ್ನಿಯಂಥ ನಕ್ಷತ್ರಗಳಿಗೆ ಅಷ್ಟು ಬೆಲೆ ಬಂದದ್ದು ಇದಕ್ಕೇ.

ಅದಕ್ಕೆ ಬರುವ ಮುಂಚೆ ಸುಳಿಯ ಕಥೆ ಮುಗಿಸುತ್ತೇನೆ. ಕೋನೀಯ ಸಂವೇಗ ಹೊರಕ್ಕೆ ಏರುತ್ತಾ ಹೋಗುವ ಹರಿವು ಸುಲಭಕ್ಕೆ ಕದಡುವುದಿಲ್ಲ ಎಂದು ಲಾರ್ಡ್ ರೇಲಿ ನೂರು ವರ್ಷಕ್ಕೂ ಹಿಂದೆ ತೋರಿಸಿದ್ದರು. ತಟ್ಟೆಗಳು ಅಂಥವೇ. 2006ರಲ್ಲಿ ಪ್ರಿನ್ಸ್‌ಟನ್‌ನವರು ಎರಡು ಸಿಲಿಂಡರ್‌ಗಳ ನಡುವೆ ನೀರು ತುಂಬಿ, ಒಳಗಿನದನ್ನು ಜೋರಾಗಿ, ಹೊರಗಿನದನ್ನು ನಿಧಾನವಾಗಿ ತಿರುಗಿಸಿ ನೋಡಿದರು. ತಟ್ಟೆಯಂತೆಯೇ ಪದರಗಳು ಬೇರೆ ಬೇರೆ ವೇಗದಲ್ಲಿ ಒಂದರ ಪಕ್ಕ ಒಂದು ಜಾರುವ ಹರಿವು, ರೆನಾಲ್ಡ್ಸ್ ಸಂಖ್ಯೆ ಲಕ್ಷಗಳನ್ನು ದಾಟಿದರೂ ನೀರು ಶಾಂತ. ಅಂದರೆ ಬರೀ ಹರಿವಿನಿಂದ ಕೆಲಸ ಆಗುವುದಿಲ್ಲ.

ಬೇಕಿದ್ದದ್ದು ಕಾಂತಕ್ಷೇತ್ರ. ಅದೂ ದುರ್ಬಲವಾದದ್ದು. ಒಂದೇ ಬಲರೇಖೆಗೆ ಅಂಟಿಕೊಂಡ ಎರಡು ತುಣುಕು ಅನಿಲ ಇವೆ ಎಂದುಕೋ. ಒಂದು ಸ್ವಲ್ಪ ಒಳಗೆ, ಇನ್ನೊಂದು ಸ್ವಲ್ಪ ಹೊರಗೆ. ಆ ರೇಖೆ ಅವೆರಡರ ನಡುವೆ ಕಟ್ಟಿದ ಮೆತ್ತನೆಯ ಸ್ಪ್ರಿಂಗ್‌ನಂತೆ. ಒಳಗಿನದು ಬೇಗ ಸುತ್ತಿ ಮುಂದೆ ಹೋಗುತ್ತದೆ, ಸ್ಪ್ರಿಂಗ್ ಹಿಗ್ಗುತ್ತದೆ, ಒಳಗಿನದನ್ನು ಹಿಂದಕ್ಕೆ ಎಳೆಯುತ್ತದೆ. ಹಿಂದಕ್ಕೆ ಎಳೆದರೆ ಅದು ಕೋನೀಯ ಸಂವೇಗ ಕಳೆದುಕೊಂಡು ಇನ್ನೂ ಒಳಗೆ ಇಳಿಯುತ್ತದೆ, ಇಳಿದು ಇನ್ನೂ ಬೇಗ ಸುತ್ತುತ್ತದೆ. ಹೊರಗಿನದಕ್ಕೆ ಆ ಸಂವೇಗ ಸಿಕ್ಕಿ ಅದು ಇನ್ನೂ ಹೊರಗೆ ಹೋಗುತ್ತದೆ. ಸ್ಪ್ರಿಂಗ್ ಮತ್ತಷ್ಟು ಹಿಗ್ಗುತ್ತದೆ. ಹತ್ತಿರ ತರಬೇಕಾದ ಎಳೆತವೇ ದೂರ ಮಾಡುತ್ತದೆ. ಕೆಲವೇ ಸುತ್ತುಗಳಲ್ಲಿ ಎಲ್ಲ ಕದಡಿಹೋಗುತ್ತದೆ. ಸ್ಪ್ರಿಂಗ್ ತುಂಬ ಬಿಗಿಯಾಗಿದ್ದರೆ ಇದು ನಡೆಯುವುದಿಲ್ಲ, ಅದಕ್ಕೇ ದುರ್ಬಲ ಕ್ಷೇತ್ರ ಎಂದದ್ದು.

ರೇಲಿ ಕೇಳಿದ ಪ್ರಶ್ನೆ ಕೋನೀಯ ಸಂವೇಗ ಹೊರಕ್ಕೆ ಏರುತ್ತದೆಯೇ ಎಂದು. ಏರಿದರೆ ಹರಿವು ಶಾಂತ. ಕಾಂತಕ್ಷೇತ್ರ ಬಂದೊಡನೆ ಪ್ರಶ್ನೆಯೇ ಬೇರೆಯಾಗುತ್ತದೆ: ಸುತ್ತುವ ದರ ಹೊರಕ್ಕೆ ಇಳಿಯುತ್ತದೆಯೇ? ಇಳಿದರೆ ಕದಡುತ್ತದೆ. ಕೆಪ್ಲರ್ ನಿಯಮ ಪಾಲಿಸುವ ತಟ್ಟೆಯಲ್ಲಿ ಮೊದಲನೆಯದು ಏರುತ್ತದೆ, ಎರಡನೆಯದು ಇಳಿಯುತ್ತದೆ.

ತಮಾಷೆ ಏನೆಂದರೆ ಈ ಗಣಿತ ಮೊದಲೇ ಇತ್ತು. ಸೋವಿಯತ್ ಒಕ್ಕೂಟದ ವೆಲಿಖೊವ್ 1959ರಲ್ಲಿ, ಷಿಕಾಗೋದಲ್ಲಿದ್ದ ನಮ್ಮ ಚಂದ್ರಶೇಖರ್ 1960ರಲ್ಲಿ, ತಿರುಗುವ ಸಿಲಿಂಡರ್‌ಗಳ ನಡುವಿನ ವಿದ್ಯುತ್ ವಾಹಕ ದ್ರವಕ್ಕೆ ಇದನ್ನು ಬರೆದಿದ್ದರು. ಅಕ್ರೀಶನ್ ಡಿಸ್ಕಿಗೆ ಇದೇ ಬೀಗದ ಕೈ ಎಂದು ತೋರಿಸಿದವರು 1991ರಲ್ಲಿ ಸ್ಟೀವನ್ ಬಾಲ್ಬಸ್ ಮತ್ತು ಜಾನ್ ಹಾಲಿ. ಮೂವತ್ತು ವರ್ಷ ಅದು ಹಾಗೇ ಬಿದ್ದಿತ್ತು. ಪ್ರಯೋಗಶಾಲೆಯಲ್ಲಿ ದ್ರವ ಲೋಹ ತಿರುಗಿಸಿ ಇದನ್ನು ಕಂಡೆವು ಎಂದು ಪ್ರಿನ್ಸ್‌ಟನ್‌ನವರು ಹೇಳಿದ್ದು 2022ರಲ್ಲಿ.

ಈಗ ನಿನ್ನ ನಕ್ಷತ್ರ. ಎಸ್‌ಎಸ್ ಸಿಗ್ನಿಯನ್ನು 1896ರಲ್ಲಿ ಹಾರ್ವರ್ಡ್‌ನ ಗಾಜಿನ ಫೋಟೋ ಪ್ಲೇಟ್‌ಗಳಲ್ಲಿ ಕಂಡುಹಿಡಿದವರು ಲೂಯಿಸಾ ವೆಲ್ಸ್. ಸೂರ್ಯನಿಗಿಂತ ತಣ್ಣಗಿನ ಕೆಂಚು ನಕ್ಷತ್ರವೊಂದು ಶ್ವೇತ ಕುಬ್ಜವನ್ನು 6.6 ಗಂಟೆಗೊಮ್ಮೆ ಸುತ್ತುತ್ತದೆ. ಎರಡರ ನಡುವಿನ ದೂರ ನಮ್ಮ ಸೂರ್ಯನ ವ್ಯಾಸದಷ್ಟು, ಅಂದರೆ 14 ಲಕ್ಷ ಕಿ.ಮೀ. ಆಸುಪಾಸು. ಆ ಇಕ್ಕಟ್ಟಿನಲ್ಲಿ ತಟ್ಟೆ. ಜೊತೆಗಾರ ನಕ್ಷತ್ರ ಒಂದೇ ಸಮನೆ ಅನಿಲ ಸುರಿಯುತ್ತದೆ, ತಟ್ಟೆ ಮಾತ್ರ ಒಂದೇ ಸಮನೆ ಒಳಗೆ ಬಿಡುವುದಿಲ್ಲ.

ಯಾಕೆ ಬಿಡುವುದಿಲ್ಲ? ಹೈಡ್ರೋಜನ್ ಕಾರಣ. ತಟ್ಟೆ ತಣ್ಣಗಿರುವಾಗ ಹೈಡ್ರೋಜನ್ ಪರಮಾಣುಗಳು ಇಡಿಯಾಗಿರುತ್ತವೆ. ಆಲ್ಫಾ ಕಡಿಮೆ. ಬಂದ ಅನಿಲ ರಾಶಿ ಬೀಳುತ್ತದೆ. ರಾಶಿ ಹೆಚ್ಚಿದಂತೆ ಉಷ್ಣತೆ ನಿಧಾನಕ್ಕೆ ಏರಿ, ಎಲ್ಲೋ ಒಂದು ಕಡೆ ಹೈಡ್ರೋಜನ್ ಒಡೆದು ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಲು ಶುರುವಾಗುತ್ತದೆ. ಅಂಥ ಅನಿಲ ಬೆಳಕನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಉಷ್ಣತೆ ಇನ್ನೂ ಏರುತ್ತದೆ, ಇನ್ನಷ್ಟು ಒಡೆಯುತ್ತದೆ. ಬೆಂಕಿ ಹರಡಿದಂತೆ ಇಡೀ ತಟ್ಟೆಗೆ ಇದು ಹಬ್ಬುತ್ತದೆ. ಎಲೆಕ್ಟ್ರಾನ್‌ಗಳು ಸಿಕ್ಕಿದ ಮೇಲೆ ಅನಿಲ ಕಾಂತಕ್ಷೇತ್ರವನ್ನು ಬಿಗಿಯಾಗಿ ಹಿಡಿಯುತ್ತದೆ, ಮೇಲೆ ಹೇಳಿದ ಕದಡುವಿಕೆ ಜೋರಾಗುತ್ತದೆ, ಆಲ್ಫಾ ಜಿಗಿಯುತ್ತದೆ. ಕೂಡಿಟ್ಟದ್ದರಲ್ಲಿ ಒಂದಷ್ಟು ಪಾಲು ದಿನಗಳಲ್ಲಿ ಶ್ವೇತ ಕುಬ್ಜದ ಮೇಲೆ ಸುರಿಯುತ್ತದೆ. ನಕ್ಷತ್ರದ ಹೊಳಪು 12ನೇ ಕಾಂತಿಮಾನದಿಂದ 8ರ ಆಸುಪಾಸಿಗೆ ಬರುತ್ತದೆ (ಈ ಸಂಖ್ಯೆ ಚಿಕ್ಕದಾದಷ್ಟೂ ಹೊಳಪು ಜಾಸ್ತಿ), ಅಂದರೆ 30–40 ಪಟ್ಟು ಜಾಸ್ತಿ. ತಟ್ಟೆ ತೆಳುವಾಗುತ್ತಾ ಹೊರ ಅಂಚು ಮೊದಲು ತಣಿಯುತ್ತದೆ, ತಣಿವು ಒಳಕ್ಕೆ ಸರಿಯುತ್ತದೆ, ಮತ್ತೆ ಮಂಕು.

ಹೊಳಪಿನ ಗ್ರಾಫಿನಲ್ಲಿ ಹೀಗೆ ಇಳಿಯುವ ಗೆರೆಯಲ್ಲೇ ನಿನ್ನ 0.1 ಇರುವುದು. ಬಿಸಿ ತಟ್ಟೆ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ನೋಡಿದರೆ ಆಲ್ಫಾ 0.1ರಿಂದ 0.3 ಬರುತ್ತದೆ. ಎರಡು ಸ್ಫೋಟಗಳ (ಹೀಗೆ ಹೊಳೆದೇಳುವುದನ್ನು ಸ್ಫೋಟ ಎನ್ನುತ್ತಾರೆ) ನಡುವಿನ ಕಾಯುವಿಕೆಯಿಂದ ತಣ್ಣನೆ ತಟ್ಟೆಯ ಆಲ್ಫಾ 0.01ರ ಆಸುಪಾಸು ಬರುತ್ತದೆ. ಯಾರಾದರೂ ಕೇಳಿದರೆ ಹೀಗೆ ಹೇಳು: ಆ ಸಂಖ್ಯೆ ಯಾವ ಸಿದ್ಧಾಂತವೂ ಕೊಟ್ಟದ್ದಲ್ಲ, ಗಡಿಯಾರ ನೋಡಿ ಅಳೆದದ್ದು. ಅಳೆದವರಲ್ಲಿ ಬಹುಪಾಲು ಸಂಬಳವಿಲ್ಲದೆ ರಾತ್ರಿ ನಿದ್ದೆಗೆಟ್ಟ ಹವ್ಯಾಸಿಗಳು.

ಜಾಲಬಂದಿ

ನೆದರ್‌ಲ್ಯಾಂಡ್ಸ್‌ನಲ್ಲಿ ಕೂತು ಇದೇ ತಟ್ಟೆಗಳನ್ನು ಕಂಪ್ಯೂಟರಿನಲ್ಲಿ ಓಡಿಸುವವನು ನಾನು. ಊರು ಶಿರಸಿ. ಮೇಡಂ ಬರೆದದ್ದು ಚೆನ್ನಾಗಿದೆ, ಆದರೆ ಕಥೆ ಅಷ್ಟು ನಯವಾಗಿ ಮುಗಿದಿಲ್ಲ ಎಂದು ಸೇರಿಸಬೇಕು.

ಬಾಲ್ಬಸ್–ಹಾಲಿ ಕದಡುವಿಕೆಯನ್ನು ಸಿಮ್ಯುಲೇಶನ್ನಿಗೆ ಹಾಕಿದರೆ, ಹೊರಗಿನಿಂದ ತಟ್ಟೆಗೆ ಲಂಬವಾಗಿ ತೂರುವ ಕಾಂತಕ್ಷೇತ್ರ ಇಲ್ಲದಿದ್ದಾಗ, ಬಹಳ ಸಲ ಬರುವ ಆಲ್ಫಾ 0.01ರಿಂದ 0.02. ಸ್ಫೋಟಗಳು ಕೇಳುವುದು ಅದರ ಹತ್ತು ಪಟ್ಟು. 2007ರಲ್ಲಿ ಕಿಂಗ್, ಪ್ರಿಂಗಲ್, ಲಿವಿಯೊ ಈ ಅಂತರವನ್ನು ಎತ್ತಿ ತೋರಿಸಿ ಎಲ್ಲರ ನೆಮ್ಮದಿ ಕೆಡಿಸಿದರು. 2014ರಲ್ಲಿ ಹಿರೋಸೆ ಮತ್ತು ಜೊತೆಗಾರರು, ಹೈಡ್ರೋಜನ್ ಒಡೆಯುವ ಹಂತದಲ್ಲಿ ತಟ್ಟೆ ಅಡ್ಡಲಾಗಿ ಮಾತ್ರವಲ್ಲ ಮೇಲೆ ಕೆಳಗೂ ಕುದಿಯುತ್ತದೆ, ಆ ಕುದಿತ ಕಾಂತಕ್ಷೇತ್ರವನ್ನು ಬಲಪಡಿಸಿ ಆಲ್ಫಾವನ್ನು 0.1ಕ್ಕೆ ಏರಿಸುತ್ತದೆ ಎಂದು ತೋರಿಸಿದರು. ನನಗೆ ಅದು ನಂಬುವಂತಿದೆ. ನನ್ನ ಪಕ್ಕದ ಟೇಬಲ್ಲಿನವರಿಗೆ ಅಷ್ಟಿಲ್ಲ.

ಇನ್ನೊಂದು ಎಚ್ಚರಿಕೆ. ಎಸ್‌ಎಸ್ ಸಿಗ್ನಿಗೆ ಒಪ್ಪಿದ್ದು ಗ್ರಹ ಹುಟ್ಟುವ ತಟ್ಟೆಗೂ ಒಪ್ಪುತ್ತದೆ ಎಂದು ಸ್ಲೈಡಿನಲ್ಲಿ ಬರೆಯಬೇಡ. ಎಳೆಯ ನಕ್ಷತ್ರಗಳ ತಟ್ಟೆಯ ಬಹುಭಾಗ ಎಷ್ಟು ತಣ್ಣಗಿರುತ್ತದೆಂದರೆ ಬಿಡಿ ಎಲೆಕ್ಟ್ರಾನ್‌ಗಳೇ ಸಾಲುವುದಿಲ್ಲ, ಅನಿಲಕ್ಕೆ ಕಾಂತಕ್ಷೇತ್ರದ ಹಿಡಿತ ಸಿಗುವುದಿಲ್ಲ. ಧನು ರಾಶಿಯ ಕಡೆ ಇರುವ ಎಚ್‌ಡಿ 163296 ಎಂಬ ನಕ್ಷತ್ರದ ತಟ್ಟೆಯನ್ನು ಚಿಲಿಯ ಆಲ್ಮಾ ದೂರದರ್ಶಕದಿಂದ ನೋಡಿದಾಗ ಕದಡುವಿಕೆಯ ವೇಗ ಶಬ್ದವೇಗದ ನೂರರಲ್ಲಿ ಕೆಲವೇ ಪಾಲು ಎಂದು ಬಂತು. ಆದರೂ ಅಂಥ ನಕ್ಷತ್ರಗಳ ಮೇಲೆ ಅನಿಲ ಬೀಳುತ್ತಲೇ ಇದೆ. ಈಗ ನಮ್ಮಲ್ಲಿ ಹಲವರು ನಂಬುವುದು, ಅಲ್ಲಿ ಕೋನೀಯ ಸಂವೇಗವನ್ನು ಪಕ್ಕದ ಅನಿಲಕ್ಕೆ ದಾಟಿಸುವುದಕ್ಕಿಂತ ಹೆಚ್ಚಾಗಿ, ತಟ್ಟೆಯಿಂದ ಮೇಲಕ್ಕೆದ್ದು ಹೋಗುವ ಕಾಂತೀಯ ಗಾಳಿಯೇ ಹೊತ್ತುಕೊಂಡು ಹೋಗುತ್ತದೆ ಎಂದು. ಆಗ ಆಲ್ಫಾ ಎನ್ನುವುದಕ್ಕೇ ಹೆಚ್ಚು ಅರ್ಥ ಉಳಿಯುವುದಿಲ್ಲ.

ಕೊನೇಬೆಂಚು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸ್ಪ್ರಿಂಗ್ ಚಿತ್ರ ಬರೆದು ನೋಡಿದೆ, ಮೊದಲನೇ ಸಂಶಯ ಪೂರ್ತಿ ಹೋಯಿತು. ಇನ್ನೊಂದು ಉಳಿದಿದೆ. ಎಸ್‌ಎಸ್ ಸಿಗ್ನಿಯಲ್ಲಿ ಕೋನೀಯ ಸಂವೇಗ ಹೊರಕ್ಕೆ ಹೋಗುತ್ತದೆ ಸರಿ, ತಟ್ಟೆ ಮುಗಿಯುವಲ್ಲಿ ಅದನ್ನು ಯಾರು ತೆಗೆದುಕೊಳ್ಳುತ್ತಾರೆ? ಮತ್ತೆ, ಕಪ್ಪುಕುಳಿ ಇಲ್ಲದ ಸೆಮಿನಾರ್ ಎಂದರೆ ನಮ್ಮ ಕ್ಲಾಸಿನವರು ಎದ್ದು ಹೋಗುತ್ತಾರೆ. ಅದಕ್ಕೂ ಒಂದು ಒಳ್ಳೆ ಉದಾಹರಣೆ ಬೇಕು.

ಗ್ಯಾಸ್ ಕೌಂಟರ್

ಕಪ್ಪುಕುಳಿಯ ಭಾಗ ನನಗಿರಲಿ. ಬೆಂಗಳೂರಿನಲ್ಲಿ ಎಕ್ಸ್-ರೇ ಡಿಟೆಕ್ಟರ್‌ಗಳ ಜೊತೆ ವರ್ಷಗಟ್ಟಲೆ ಇದ್ದವನು, ಈಗ ನಿವೃತ್ತ.

ಗರುಡ ನಕ್ಷತ್ರಪುಂಜದ ಜಿಆರ್‌ಎಸ್ 1915+105 ತೆಗೆದುಕೋ. ಸೂರ್ಯನ 12 ಪಟ್ಟು ತೂಕದ ಕಪ್ಪುಕುಳಿ, ಜೊತೆಗಾರ ನಕ್ಷತ್ರದ ಕಕ್ಷೆ ಸುಮಾರು 34 ದಿನದ್ದು. ನಿನ್ನ ಎಸ್‌ಎಸ್ ಸಿಗ್ನಿಯ 6.6 ಗಂಟೆಯ ಪಕ್ಕದಲ್ಲಿ ಇದನ್ನಿಡು. ಕಕ್ಷೆ ದೊಡ್ಡದು, ಹಾಗಾಗಿ ತಟ್ಟೆಯೂ ದೊಡ್ಡದು, ಅಡ್ಡಳತೆ ಕೋಟಿ ಕಿ.ಮೀ. ಲೆಕ್ಕದಲ್ಲಿ. 1992ರಲ್ಲಿ ಇದು ಹೊತ್ತಿಕೊಂಡಿತು. ವಾರಗಳಲ್ಲಿ ಆರಲಿಲ್ಲ. 2018ರವರೆಗೆ, ಕಾಲು ಶತಮಾನ, ಆಕಾಶದ ಅತಿ ಪ್ರಖರ ಎಕ್ಸ್-ರೇ ಮೂಲಗಳಲ್ಲಿ ಒಂದಾಗಿ ಉಳಿದು ಆಮೇಲೆ ಮಂಕಾಯಿತು. ಮೇಡಂ ಹೇಳಿದ ಅದೇ ಗಡಿಯಾರ. ತಟ್ಟೆ ದೊಡ್ಡದಾದಷ್ಟೂ ಖಾಲಿಯಾಗಲು ಹೊತ್ತು ಬೇಕು.

ಹೊರಗಿನ ಗಡಿಯಾರ ದಶಕಗಳದ್ದು, ಒಳಗಿನದು ಸೆಕೆಂಡುಗಳದ್ದು. 1996ರ ಮಾರ್ಚ್‌ನಲ್ಲಿ ಹಾರಿದ ಐಆರ್‌ಎಸ್-ಪಿ3 ಉಪಗ್ರಹದಲ್ಲಿ ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆ ಮತ್ತು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರ ಸೇರಿ ಮಾಡಿದ ಪುಟ್ಟ ಎಕ್ಸ್-ರೇ ಪ್ರಯೋಗ ಇತ್ತು. ಈಗಿನ ಲೆಕ್ಕಕ್ಕೆ ಆಟಿಕೆ ಅನ್ನಬೇಕು. ಅದು 1997ರಲ್ಲಿ ಈ ಮೂಲವನ್ನು ನೋಡುವಾಗ ನಿಧಾನಕ್ಕೆ ಏರಿ ಥಟ್ಟನೆ ಇಳಿಯುವ ಸ್ಫೋಟಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ತಟ್ಟೆಯ ಒಳ ಅಂಚು ಖಾಲಿಯಾಗುವುದು, ತುಂಬುವುದು, ಮತ್ತೆ ಖಾಲಿಯಾಗುವುದು: ಗೆರೆಯನ್ನು ಹಾಗೆ ಓದಿದರು. ಅಮೆರಿಕದ ಆರ್‌ಎಕ್ಸ್‌ಟಿಇ ಉಪಗ್ರಹ ಇನ್ನೂ ವಿವರವಾಗಿ ನೋಡಿತು. 2000ದಲ್ಲಿ ಬೆಲ್ಲೋನಿ ಮತ್ತಿತರರು ಈ ಕುಣಿತಗಳನ್ನು 12 ಬಗೆಗಳಾಗಿ ವಿಂಗಡಿಸಿದರು.

ಸ್ಲೈಡಿಗೆ ಹಾಕಲು ಕೆಲವು ಅಂಕಿ. ತನ್ನ ಸುತ್ತ ತಾನು ತಿರುಗದ, ಸೂರ್ಯನ 10 ಪಟ್ಟು ತೂಕದ ಕಪ್ಪುಕುಳಿಯ ಸುತ್ತ ಕೊನೆಯ ಸ್ಥಿರ ಕಕ್ಷೆ (ಇದಕ್ಕೂ ಒಳಗೆ ಅನಿಲ ಸುತ್ತುತ್ತಾ ಉಳಿಯಲಾರದು) ಕೇಂದ್ರದಿಂದ 90 ಕಿ.ಮೀ. ದೂರದಲ್ಲಿದೆ. ಅಲ್ಲಿ ಅನಿಲ ಸೆಕೆಂಡಿಗೆ ಸುಮಾರು 220 ಸುತ್ತು ಹಾಕುತ್ತದೆ. ಅಲ್ಲಿಯವರೆಗೆ ಇಳಿಯುವಷ್ಟರಲ್ಲಿ ಅನಿಲ ತನ್ನ ದ್ರವ್ಯರಾಶಿಯ ಶೇ. 5.7ರಷ್ಟನ್ನು ಬೆಳಕಾಗಿ ಕೊಟ್ಟಿರುತ್ತದೆ. ಸೂರ್ಯನ ಒಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಸಿಗುವುದು ಶೇ. 0.7. ಗರಿಷ್ಠ ವೇಗದಲ್ಲಿ ತನ್ನ ಸುತ್ತ ತಿರುಗುವ ಕಪ್ಪುಕುಳಿಯಾದರೆ ಲೆಕ್ಕದ ಪ್ರಕಾರ ಶೇ. 42ರವರೆಗೂ ಹೋಗಬಹುದು. ಎದ್ದು ಹೋಗುವವರನ್ನು ಕೂರಿಸಲು ಇಷ್ಟು ಸಾಕಲ್ವಾ?

ತಟ್ಟೆಯ ಮೇಲೆ ಕೋಟಿಗಟ್ಟಲೆ ಡಿಗ್ರಿಯ ತೆಳು ಅನಿಲದ ಕರೋನಾ ಇರುತ್ತದೆ, ಅದರ ಆಕಾರ ಏನು ಎಂಬ ಜಗಳ ಬಹಳ ಕಾಲ ನಡೆಯಿತು. 2022ರಲ್ಲಿ ಐಎಕ್ಸ್‌ಪಿಇ ಉಪಗ್ರಹ ಸಿಗ್ನಸ್ ಎಕ್ಸ್-1 ಎಂಬ ಕಪ್ಪುಕುಳಿಯ ಎಕ್ಸ್-ರೇಗಳಲ್ಲಿ ಸುಮಾರು ಶೇ. 4ರಷ್ಟು ಧ್ರುವೀಕರಣ (ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವುದು) ಕಂಡಿತು, ಆ ದಿಕ್ಕು ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಜೆಟ್‌ನ ದಿಕ್ಕೇ. ಅಂದರೆ ಕರೋನಾ ಕಂಬದಂತೆ ಎದ್ದು ನಿಂತಿಲ್ಲ, ತಟ್ಟೆಯ ಉದ್ದಕ್ಕೂ ಹರಡಿಕೊಂಡಿದೆ. ಇದಕ್ಕಿಂತ ಹೆಚ್ಚಿನ ಶಕ್ತಿಯ ಎಕ್ಸ್-ರೇಗಳಲ್ಲಿ ಇದೇ ಅಳತೆ ಮಾಡಲೆಂದು ನಮ್ಮ ರಾಮನ್ ಸಂಶೋಧನಾ ಸಂಸ್ಥೆಯವರು ಕಟ್ಟಿದ ಪೋಲಿಕ್ಸ್ ಉಪಕರಣ 2024ರ ಜನವರಿ 1ರಂದು ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಜೊತೆ ಮೇಲೆ ಹೋಯಿತು. ಸದಾಶಿವನಗರದ ಕಡೆ ಹೋದರೆ ಆ ಕ್ಯಾಂಪಸ್ಸಿನ ಮರಗಳನ್ನೂ ನೋಡಿ ಬಾ, ಅದೇ ಒಂದು ಸಂತೋಷ.

ತಾರಸಿ ಮೇಡಂ

ಜಾಲಬಂದಿಯವರ ತಕರಾರು ಒಪ್ಪಿದೆ. 0.1 ಬೇಕು ಎಂದು ಆಕಾಶ ಹೇಳುತ್ತಿದೆ, ಸಿಮ್ಯುಲೇಶನ್ ಕಷ್ಟಪಟ್ಟು ಅಲ್ಲಿಗೆ ತಲುಪುತ್ತಿದೆ. ಇಬ್ಬರ ಜಗಳದಲ್ಲಿ ನಾನು ಆಕಾಶದ ಪಕ್ಷ.

ಕೊನೇಬೆಂಚು, ಅಂಚಿನ ಪ್ರಶ್ನೆ ಚೆನ್ನಾಗಿದೆ. ಜೋಡಿ ನಕ್ಷತ್ರದಲ್ಲಿ ತಟ್ಟೆಯ ಹೊರ ಅಂಚನ್ನು ಜೊತೆಗಾರ ನಕ್ಷತ್ರದ ಗುರುತ್ವ ಎಳೆಯುತ್ತಿರುತ್ತದೆ, ಸಮುದ್ರದ ಉಬ್ಬರವಿಳಿತದ ಹಾಗೆಯೇ. ಆ ಎಳೆತದ ಮೂಲಕ ಕೋನೀಯ ಸಂವೇಗ ಜೋಡಿಯ ಕಕ್ಷೆಗೇ ವಾಪಸು ಹೋಗುತ್ತದೆ. ಒಂಟಿ ನಕ್ಷತ್ರಕ್ಕೆ ಆ ಅನುಕೂಲ ಇಲ್ಲ. ಅಲ್ಲಿ ಸ್ವಲ್ಪ ಅನಿಲ ಬಹಳ ದೂರಕ್ಕೆ ಹರಡಬೇಕು, ಇಲ್ಲವೇ ಮೇಲೆ ಹೇಳಿದ ಗಾಳಿ ಬೇಕು. ನಮ್ಮ ಸೌರಮಂಡಲವನ್ನೇ ನೋಡು. ದ್ರವ್ಯರಾಶಿಯಲ್ಲಿ ಶೇ. 99.86 ಸೂರ್ಯನದು. ಕೋನೀಯ ಸಂವೇಗದಲ್ಲಿ ಸೂರ್ಯನ ಪಾಲು ಶೇ. 1ಕ್ಕೂ ಕಡಿಮೆ. ಗುರು ಗ್ರಹ ಒಂದರದೇ ಶೇ. 60ರಷ್ಟು. ತೂಕ ಒಳಗೆ, ಸಂವೇಗ ಹೊರಗೆ ಹೋದ ಲೆಕ್ಕ 460 ಕೋಟಿ ವರ್ಷವಾದರೂ ಹಾಗೇ ಇದೆ. (ಸೂರ್ಯ ಆಮೇಲೆ ತನ್ನ ಗಾಳಿಯಿಂದಲೂ ಒಂದಷ್ಟು ಕಳೆದುಕೊಂಡಿದ್ದಾನೆ, ಅದನ್ನು ಸೇರಿಸಿ ಹೇಳು, ಇಲ್ಲದಿದ್ದರೆ ಯಾರಾದರೂ ಹಿಡಿಯುತ್ತಾರೆ.)

ಎಸ್‌ಎಸ್ ಸಿಗ್ನಿಯ ಬಗ್ಗೆ ಹೇಳದೆ ಬಿಟ್ಟ ಒಂದು ಕಥೆ ಇದೆ, ನನಗೆ ಬಹಳ ಇಷ್ಟವಾದದ್ದು. 1999ರಲ್ಲಿ ಹಬಲ್ ದೂರದರ್ಶಕದಿಂದ ಅಳೆದಾಗ ಇದರ ದೂರ 540 ಜ್ಯೋತಿರ್ವರ್ಷ ಎಂದು ಬಂತು. ಅಷ್ಟು ದೂರದಲ್ಲಿದ್ದೂ ಇಷ್ಟು ಹೊಳೆಯಬೇಕಾದರೆ ಅನಿಲದ ಹರಿವು ಬಹಳ ಜಾಸ್ತಿ ಇರಬೇಕು. ಅಷ್ಟು ಹರಿವಿದ್ದರೆ ತಟ್ಟೆ ಸದಾ ಬಿಸಿಯಾಗಿಯೇ ಇರಬೇಕು, ಸ್ಫೋಟವೇ ಆಗಬಾರದು! ಮೇಲೆ ಬರೆದ ಹೈಡ್ರೋಜನ್ ಕಥೆಗೆ ಅದರ ಅತಿ ಪ್ರಸಿದ್ಧ ಉದಾಹರಣೆಯೇ ತಿರುಗಿಬಿತ್ತು. ಕೆಲವರು ಕಥೆಯನ್ನು ಬಿಡಬೇಕೇನೋ ಎಂದರು, ಕೆಲವರು ದೂರವೇ ತಪ್ಪಿರಬೇಕು ಎಂದು ಪಟ್ಟು ಹಿಡಿದರು.

ರೇಡಿಯೋ ದೂರದರ್ಶಕಗಳ ಜಾಲದಿಂದ ದೂರವನ್ನು ಮತ್ತೆ ಅಳೆಯಬಹುದಿತ್ತು. ತೊಡಕು ಏನೆಂದರೆ ನಕ್ಷತ್ರ ರೇಡಿಯೋದಲ್ಲಿ ಚೆನ್ನಾಗಿ ಹೊಳೆಯುವುದು ಸ್ಫೋಟದ ಹೊತ್ತಿನಲ್ಲಿ ಮಾತ್ರ. ಅದು ಯಾವಾಗ ಎಂದು ಮೊದಲೇ ಹೇಳಲಾಗದು. ಹಾಗಾಗಿ ವಿಜ್ಞಾನಿಗಳು ಬದಲಾಗುವ ನಕ್ಷತ್ರಗಳನ್ನು ನೋಡುವ ಹವ್ಯಾಸಿಗಳ ಸಂಘ ಎಎವಿಎಸ್‌ಒದ ಸಹಾಯ ಕೇಳಿದರು. ಜಗತ್ತಿನ ಬೇರೆ ಬೇರೆ ಕಡೆ ಕಾಯುತ್ತಿದ್ದವರು ನಕ್ಷತ್ರ ಏಳುತ್ತಿದ್ದಂತೆ ಸುದ್ದಿ ಮುಟ್ಟಿಸಿದರು, ದೊಡ್ಡ ದೂರದರ್ಶಕಗಳು ಆ ಕಡೆ ತಿರುಗಿದವು. 2013ರಲ್ಲಿ ಫಲಿತಾಂಶ ಬಂತು: 370 ಜ್ಯೋತಿರ್ವರ್ಷ. ಹತ್ತಿರ ಎಂದರೆ ನಿಜವಾದ ಹೊಳಪು ಅರ್ಧಕ್ಕಿಂತ ಕಡಿಮೆ, ಹರಿವೂ ಕಡಿಮೆ. ಹೈಡ್ರೋಜನ್ ಕಥೆ ಉಳಿಯಿತು. ಆಮೇಲೆ ನಕ್ಷತ್ರಗಳ ದೂರ ಅಳೆಯುವ ಗಯಾ ಉಪಗ್ರಹವೂ ಅದೇ ದೂರವನ್ನು ಹೇಳಿತು.

ಹಾಗಂತ ನಕ್ಷತ್ರ ನಮ್ಮ ಮಾತು ಕೇಳುತ್ತಿದೆ ಎಂದುಕೊಳ್ಳಬೇಡ. 2021ರ ಆರಂಭದಲ್ಲಿ ಪೂರ್ತಿ ಮಂಕಾಗದೆ, ಪೂರ್ತಿ ಏಳದೆ ನಡುವೆ ತೂಗಾಡತೊಡಗಿತು. ಅಷ್ಟು ವರ್ಷಗಳ ದಾಖಲೆಯಲ್ಲಿ ಅಪರೂಪದ ನಡತೆ.

ನೀನೇ ನೋಡಬೇಕೆಂದರೆ ಕಷ್ಟವಿಲ್ಲ. ಅಕ್ಟೋಬರ್ ಮಧ್ಯದಲ್ಲಿ ರಾತ್ರಿ 8ರಿಂದ 9ರ ಹೊತ್ತಿಗೆ ರಾಜಹಂಸ ಪುಂಜದ ಈ ಭಾಗ ಉತ್ತರಕ್ಕೆ ಸುಮಾರು 60 ಡಿಗ್ರಿ ಎತ್ತರದಲ್ಲಿರುತ್ತದೆ. 75 ಸಿಗ್ನಿ ಎಂಬ ನಕ್ಷತ್ರ ಹುಡುಕು, ಎಸ್‌ಎಸ್ ಸಿಗ್ನಿ ಅದರಿಂದ ಒಂದು ಡಿಗ್ರಿಯ ಒಳಗೇ ಇದೆ. ಸ್ಫೋಟದ ತುದಿಯಲ್ಲಿದ್ದರೆ ಕತ್ತಲ ಜಾಗದಿಂದ ಒಳ್ಳೆಯ ಬೈನಾಕ್ಯುಲರ್ ಸಾಕು. ಮಂಕಾಗಿರುವಾಗ 6 ಇಂಚು ಅಥವಾ ಅದಕ್ಕಿಂತ ದೊಡ್ಡ ದೂರದರ್ಶಕ ಬೇಕು. ಹೋಲಿಸಿ ನೋಡುವ ನಕ್ಷತ್ರಗಳ ನಕ್ಷೆ ಎಎವಿಎಸ್‌ಒ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಮೇಲಿನದು, ಒಂದು ಕೆಳಗಿನದು ಆರಿಸಿಕೊಂಡು ನಡುವೆ ಎಲ್ಲಿ ಬರುತ್ತದೆ ಎಂದು ಅಂದಾಜು ಮಾಡು. ಸಮಯವನ್ನು ವಿಶ್ವ ಸಮಯದಲ್ಲಿ (ಯುಟಿ) ಬರೆಯಬೇಕು, ನಮ್ಮ ಗಡಿಯಾರದಿಂದ 5 ಗಂಟೆ 30 ನಿಮಿಷ ಕಳೆದು ಬರೆ, ದಿನಾಂಕವನ್ನೂ ಆಮೇಲೆ ಒಮ್ಮೆ ನೋಡಿಕೋ.